ಕೈಯೊಳಗಿನ ಕೈ: ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗೆ

ಮೈಸೂರಿನಿಂದ ಹೊರಟ ರೈಲು ನಂಜನಗೂಡನ್ನು ದಾಟಿ, ಕವಲಂದೆ, ಬದನಗುಪ್ಪೆಗಳ ಹೊಲಗಳ ನಡುವೆ ನಿಧಾನವಾಗಿ ಸಾಗಿ ಚಾಮರಾಜನಗರದಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಹಳಿ ಇಲ್ಲ. ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು, ದಕ್ಷಿಣಕ್ಕೆ ತಮಿಳುನಾಡಿನ ಗಡಿ, ಪಶ್ಚಿಮಕ್ಕೆ ಗುಂಡ್ಲುಪೇಟೆಯ ಹಾದಿ. ಆಷಾಢದ ಒಂದು ಮುಂಜಾನೆ ತುಂತುರು ಮಳೆಯಲ್ಲಿ ನಾವು ಈ ನಿಲ್ದಾಣದಲ್ಲಿ ಇಳಿದೆವು. ನಮ್ಮೊಂದಿಗೆ ಅಮೆರಿಕದಿಂದ ಬೇಸಿಗೆ ರಜೆಗೆ ಬಂದಿದ್ದ ನಮ್ಮ ತಂಗಿಯ ಮೊಮ್ಮಗನಿದ್ದ. ಹದಿಮೂರರ ಹುಡುಗ. ಕನ್ನಡ ಚೆನ್ನಾಗಿ ತಿಳಿಯುತ್ತದೆ. ಆಡುವಾಗ ಮಾತ್ರ ನಡುನಡುವೆ ತಡವರಿಸುತ್ತಾನೆ.

ಊರಿನ ಹಳೆಯ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಸ್ಥಳವೆಂದು ಈ ಊರಿಗೆ ಅವರ ಹೆಸರಿಟ್ಟು, ಚಾಮರಾಜೇಶ್ವರನ ದೇವಾಲಯವನ್ನು ಕಟ್ಟಿಸಿದರು. ಆಷಾಢದಲ್ಲಿ ನವದಂಪತಿಗಳು ಒಟ್ಟಿಗೆ ಇರಬಾರದೆಂಬುದು ನಮ್ಮ ಕಡೆಯ ರೂಢಿಯಷ್ಟೆ. ಆದರೆ ಇದೇ ಆಷಾಢದಲ್ಲಿ ನಡೆಯುವ ಚಾಮರಾಜೇಶ್ವರನ ರಥೋತ್ಸವಕ್ಕೆ ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬಂದು ತೇರಿಗೆ ಹಣ್ಣು ಜವನ ಎಸೆಯುತ್ತಾರೆ. ಮೈಸೂರು ಜಿಲ್ಲೆಯ ಭಾಗವಾಗಿದ್ದ ಈ ಪ್ರದೇಶ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ನಾವು ದೇವಾಲಯಕ್ಕೆ ಹೋಗಿ ಕೈಮುಗಿದೆವು. ಆದರೆ ಆ ದಿನ ನಾವು ಬಂದ ಕಾರ್ಯ ಬೇರೆಯಾಗಿತ್ತು.

ಹುಡುಗನು ತನ್ನ ಊರಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಾನೆ. ಹೆಸರು ಫುಟ್‌ಬಾಲ್ ಆದರೂ ಅದು ಕಾಲಿಗಿಂತ ಕೈಯಲ್ಲೇ ಹೆಚ್ಚು ನಡೆಯುವ ಆಟ. ಚೆಂಡನ್ನು ಎದೆಗವಚಿಕೊಂಡು ಓಡಿಬರುವವನನ್ನು ಎದುರು ತಂಡದ ಹನ್ನೊಂದು ಜನ ತಡೆದು ನೆಲಕ್ಕೆ ಕೆಡವಬೇಕು. ಇವನದು ತಡೆಯುವವರ ಸಾಲಿನಲ್ಲಿ ಸ್ಥಾನ. ಮನೆಯಲ್ಲಿ ಟಿ.ವಿ.ಯಲ್ಲಿ ಕಬಡ್ಡಿಯನ್ನು ಕಂಡ ಮೇಲೆ, ಚಿಕ್ಕ ಹುಡುಗರಿಗೆ ಇದನ್ನು ಹೇಗೆ ಕಲಿಸುತ್ತಾರೆ, ನೋಡಬೇಕು ತಾತಾ ಎಂದು ಹಟ ಹಿಡಿದ. ನಮ್ಮ ಹಳೆಯ ಸ್ನೇಹಿತರೊಬ್ಬರು ದೈಹಿಕ ಶಿಕ್ಷಣದ ಶಿಕ್ಷಕರಾಗಿದ್ದು ನಿವೃತ್ತರಾದ ಮೇಲೂ ಸುತ್ತಲಿನ ಹಳ್ಳಿಯ ಹುಡುಗರಿಗೆ ಕಬಡ್ಡಿ ಹೇಳಿಕೊಡುತ್ತಿದ್ದಾರೆ. ಆ ಸಂಜೆ ಅವರ ತಂಡ ಗುಂಡ್ಲುಪೇಟೆಗೆ ಹೋಗಿ ಅಲ್ಲಿಯ ಹುಡುಗರೊಡನೆ ಸ್ನೇಹಪೂರ್ವಕ ಪಂದ್ಯ ಆಡುವುದಿತ್ತು. ನಾವು ಅವರ ಜೊತೆಯಾದೆವು.

ಊರ ಅಂಚಿನ ಮೈದಾನದಲ್ಲಿ ಬೆಳಗಿನ ಅಭ್ಯಾಸ ನಡೆಯುತ್ತಿತ್ತು. ಸುಣ್ಣದ ಪುಡಿಯಲ್ಲಿ ಎಳೆದ ಗೆರೆಗಳು ತುಂತುರಿಗೆ ಅಲ್ಲಲ್ಲಿ ಕದಡಿದ್ದವು. ದೊಡ್ಡವರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಕ್ಕಳದ್ದು ಅದಕ್ಕಿಂತ ಕಿರಿದು. ಸುಮಾರು ಹದಿನೈದು ಹುಡುಗರು ಬರಿಗಾಲಲ್ಲಿ ನಿಂತಿದ್ದರು. ಮೇಷ್ಟ್ರು ಅವರಿಗೆ ದಾಳಿ ಮಾಡುವುದನ್ನು ಆ ದಿನ ಕಲಿಸಲೇ ಇಲ್ಲ. "ದಾಳಿ ಮಾಡೋದು ಎಲ್ಲ ಮಕ್ಕಳಿಗೂ ಇಷ್ಟ, ಸ್ವಾಮಿ. ಅದನ್ನು ನಾನು ಹೇಳದಿದ್ದರೂ ಅವರೇ ಕಲಿತುಬಿಡುತ್ತಾರೆ. ಹಿಡಿಯೋದನ್ನು ಮಾತ್ರ ಕಲಿಸಲೇಬೇಕು" ಎಂದರು.

ಓದುಗರಲ್ಲಿ ಅನೇಕರು ಬಾಲ್ಯದಲ್ಲಿ ಕಬಡ್ಡಿ ಆಡಿದವರೇ ಆಗಿದ್ದರೂ ಹಿಡಿಯುವವರ ವ್ಯವಸ್ಥೆಯನ್ನು ಇಲ್ಲಿ ಸ್ವಲ್ಪ ವಿವರಿಸುವುದು ಉಚಿತ. ಅಂಕಣದಲ್ಲಿ ಏಳು ಜನ. ಎರಡು ತುದಿಗಳಲ್ಲಿ ಕಾರ್ನರ್‌ಗಳು, ಅವರ ಪಕ್ಕದಲ್ಲಿ ಇನ್‌ಗಳು, ಒಳಗೆ ಕವರ್‌ಗಳು, ನಟ್ಟನಡುವೆ ಸೆಂಟರ್. ಸಾಮಾನ್ಯವಾಗಿ ಕಾರ್ನರ್ ಮತ್ತು ಇನ್ ಒಬ್ಬರ ಕೈಯನ್ನೊಬ್ಬರು ಹಿಡಿದು ಜೋಡಿಯಾಗಿ ನಿಲ್ಲುತ್ತಾರೆ. ನಡುವಿನ ಮೂವರದು ಇನ್ನೊಂದು ಸರಪಳಿ. ಎದುರು ಬರುವ ದಾಳಿಗಾರನಿಗೆ ದೊರೆಯುವ ಸಮಯ 30 ಸೆಕೆಂಡು. ಅಷ್ಟರೊಳಗೆ ಅವನು 'ಕಬಡ್ಡಿ, ಕಬಡ್ಡಿ' ಎಂಬ ಉಲಿಯನ್ನು ನಿಲ್ಲಿಸದೆ ಯಾರನ್ನಾದರೂ ಮುಟ್ಟಿಯೋ, ಕಡೇಪಕ್ಷ ಬಾಕ್ ಲೈನ್ ದಾಟಿಯೋ ಹಿಂದಿರುಗಬೇಕು. ದೊಡ್ಡ ಅಂಕಣದಲ್ಲಿ ಈ ಗೆರೆ ಮಧ್ಯರೇಖೆಯಿಂದ 3.75 ಮೀಟರ್ ಒಳಗಿರುತ್ತದೆ. ಅದಕ್ಕೂ ಒಂದು ಮೀಟರ್ ಆಚೆ ಬೋನಸ್ ಗೆರೆ. ಆರು ಅಥವಾ ಏಳು ಜನ ಹಿಡಿಯುವವರಿದ್ದಾಗ ಮಾತ್ರ ಅದಕ್ಕೆ ಬೆಲೆ.

ಆದ್ದರಿಂದ ಕಾಲವು ಹಿಡಿಯುವವರ ಪಕ್ಷದಲ್ಲಿದೆ. ಉಸಿರು ತೀರುವುದು ದಾಳಿಗಾರನದು, ದೂರ ಹೋಗಬೇಕಾದವನೂ ಅವನೇ. ಆದರೂ ಎಳೆಯ ಹುಡುಗರು ಮೂವತ್ತು ಸೆಕೆಂಡು ತಾಳಲಾರರು. ದಾಳಿಗಾರ ಕಾಲು ಚಾಚಿ ಆಸೆ ತೋರಿಸಿದೊಡನೆ ಯಾರೋ ಒಬ್ಬ ಸಾಲು ಬಿಟ್ಟು ಹಾರುತ್ತಾನೆ. ಹಿಡಿತ ತಪ್ಪಿದರೆ ಹಾರಿದವನೂ ಔಟು. ಅವನ ನೆರವಿಗೆ ಬಂದು ಮೈ ತಾಗಿಸಿದವರೂ ಔಟು. ಏಳು ಜನ ಕಾಯುತ್ತಿದ್ದ ಅಗಲವನ್ನು ಆಗ ನಾಲ್ವರು ಕಾಯಬೇಕಾಗುತ್ತದೆ. ಸೋಲು ಶುರುವಾಗುವುದು ಹೀಗೆ.

ಮೇಷ್ಟ್ರ ಮೊದಲ ಪಾಠ ನಮಗೆ ವಿಚಿತ್ರವಾಗಿ ತೋರಿತು. ಏಳು ಹುಡುಗರನ್ನು ಕೈ ಕೈ ಹಿಡಿಸಿ ನಿಲ್ಲಿಸಿದರು. ತಾವೇ ದಾಳಿಗಾರರಾಗಿ ಎಡಕ್ಕೂ ಬಲಕ್ಕೂ ನಡೆದಾಡಿದರು. ಹುಡುಗರು ಅವರನ್ನು ಹಿಡಿಯಕೂಡದು; ಅವರು ಸರಿದಂತೆ ಸಾಲೂ ಸರಿಯಬೇಕು, ಕೈ ಬಿಡಬಾರದು, ಅಷ್ಟೆ. ಕೈ ಕಳಚಿದರೆ ಮತ್ತೆ ಮೊದಲಿನಿಂದ. ಹೀಗೆ ಹತ್ತು ಸಲ. ಒಬ್ಬ ಹುಡುಗ ಬೇಸರದಿಂದ, "ಯಾವಾಗ ಹಿಡಿಯೋದು ಸಾ?" ಎಂದ. ಮೇಷ್ಟ್ರು ನಕ್ಕು, "ಅವನು ಹಿಂದಕ್ಕೆ ತಿರುಗ್ತಾನಲ್ಲ, ಆಗ ಕಣ್ಲಾ. ಬಂದಾಗ ಎಲ್ಲರೂ ಹುಲಿಗಳೇ. ಹೋಗುವಾಗ ಬೆನ್ನು ಕಾಣುತ್ತೆ" ಎಂದರು.

ಎರಡನೆಯ ಪಾಠ ಕಾಲು ಹಿಡಿಯುವುದು. ಹುಲ್ಲು ತುಂಬಿದ ಗೋಣಿಚೀಲವನ್ನು ನಿಲ್ಲಿಸಿ, ಎರಡು ಕೈಗಳಿಂದ ಹಿಮ್ಮಡಿಯ ಮೇಲ್ಭಾಗವನ್ನು ಹೇಗೆ ಬಿಗಿಯಬೇಕೆಂದು ತೋರಿಸಿದರು. ನಮ್ಮ ಹುಡುಗನಿಗೆ ತಡೆಯಲಾಗಲಿಲ್ಲ. ಬೂಟು ಕಳಚಿ ಅಂಕಣಕ್ಕೆ ಇಳಿದವನೇ ತಲೆ ತಗ್ಗಿಸಿ ಭುಜದಿಂದ ಚೀಲಕ್ಕೆ ಗುದ್ದಿ ಬೀಳಿಸಿದ. ಹಳ್ಳಿಯ ಹುಡುಗರು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಮಾತ್ರ ಅವನ ಗಲ್ಲವನ್ನು ಎತ್ತಿಹಿಡಿದು, "ಮಗಾ, ಚೀಲಕ್ಕೆ ಮಂಡಿ ಇಲ್ಲ. ಮನುಷ್ಯನಿಗೆ ಇದೆ. ತಲೆ ಮೇಲಿರಲಿ, ಕಣ್ಣು ಅವನ ಸೊಂಟದ ಮೇಲಿರಲಿ. ನಿನ್ನ ತಲೆ ಅವನ ಮಂಡಿಯ ದಾರಿಗೆ ಹೋಗಬಾರದು" ಎಂದರು. ಹುಡುಗ ಅಚ್ಚರಿಯಿಂದ, "ನಮ್ಮ ಕೋಚ್ ಕೂಡ ಇದನ್ನೇ ಹೇಳ್ತಾರೆ, ತಾತಾ" ಎಂದ.

ಅಮೆರಿಕದಲ್ಲಿ ಈ ವಿಚಾರ ಈಗ ಮನೆಮನೆಯ ಚಿಂತೆಯಾಗಿದೆ. ಹೆಲ್ಮೆಟ್ ಇದೆಯೆಂಬ ಧೈರ್ಯದಿಂದಲೇ ಮಕ್ಕಳು ತಲೆಯನ್ನು ಆಯುಧದಂತೆ ಬಳಸಿ, ಮಿದುಳಿಗೆ ಪೆಟ್ಟು ಮಾಡಿಕೊಳ್ಳುವುದುಂಟು. ಮಕ್ಕಳ ಫುಟ್‌ಬಾಲನ್ನು ನಡೆಸುವ ಅಲ್ಲಿಯ ದೊಡ್ಡ ಸಂಸ್ಥೆಯಾದ ಪಾಪ್ ವಾರ್ನರ್ 2012ರಲ್ಲಿ, ಅಭ್ಯಾಸದ ಸಮಯದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕಾಲ ಮೈಗೆ ಮೈ ತಾಗುವ ಆಟ ಕೂಡದೆಂದು ನಿಯಮ ಮಾಡಿತು. 2016ರಲ್ಲಿ ತೀರ ಚಿಕ್ಕ ಮಕ್ಕಳ ವಿಭಾಗಗಳಲ್ಲಿ, ದೂರದಿಂದ ಓಡಿಬಂದು ಡಿಕ್ಕಿ ಹೊಡೆಯುವುದಕ್ಕೆ ಎಡೆಮಾಡುವ ಕಿಕ್‌ಆಫನ್ನೇ ಕೈಬಿಟ್ಟಿತು. ಈ ಹುಡುಗನ ತಾಯಿಯೂ ಎರಡು ವರ್ಷ ಯೋಚಿಸಿದ ಮೇಲೆಯೇ ಆಟಕ್ಕೆ ಒಪ್ಪಿಗೆ ಕೊಟ್ಟಳಂತೆ. ಇಲ್ಲಿ ಹೆಲ್ಮೆಟ್ ಇಲ್ಲ, ಮೈಗವಚವಿಲ್ಲ. ಆದ್ದರಿಂದ ಮಗುವಿನ ಕಾವಲಿಗೆ ಇರುವುದು ಗುರುವಿನ ಎಚ್ಚರವೊಂದೇ. ಉಸಿರುಗಟ್ಟುವಂತೆ ಬಾಯಿ ಮುಚ್ಚಬಾರದು, ಕೂದಲು ಬಟ್ಟೆ ಹಿಡಿದು ಎಳೆಯಬಾರದು, ಕೈಕಾಲು ಮತ್ತು ಮುಂಡ ಇವಿಷ್ಟನ್ನೇ ಹಿಡಿಯಬೇಕು ಎಂಬ ಕಬಡ್ಡಿಯ ನಿಯಮಗಳನ್ನು ಮೇಷ್ಟ್ರು ಪ್ರತಿದಿನ ಹೇಳಿಸುತ್ತಾರೆ, ಮಗ್ಗಿ ಹೇಳಿಸುವ ಹಾಗೆ.

ಅಭ್ಯಾಸ ಮುಗಿದ ಮೇಲೆ ಕಟ್ಟೆಯ ಮೇಲೆ ಕುಳಿತು ಹುಡುಗನು ತನ್ನ ಆಟವನ್ನು ಮೇಷ್ಟ್ರಿಗೆ ವಿವರಿಸಿದ. ಅಲ್ಲಿಯೂ ಮುಂದಿನ ಸಾಲಿನಲ್ಲಿ ನಿಲ್ಲುವ ಪ್ರತಿಯೊಬ್ಬನಿಗೂ ಕಾಯಲು ಒಂದು ಸಂದು ಇರುತ್ತದಂತೆ. ಚೆಂಡು ಆಚೆ ಹೋಯಿತೆಂದು ಅದರ ಹಿಂದೆ ಓಡಿದರೆ, ಓಟಗಾರ ಇವನು ಬಿಟ್ಟ ಸಂದಿನಲ್ಲೇ ನುಗ್ಗಿ ಬರುತ್ತಾನಂತೆ. ಮೇಷ್ಟ್ರು ಕೇಳಿ ತಲೆದೂಗಿ, "ಆಟ ಬೇರೆ, ಪಾಠ ಒಂದೇ" ಎಂದರು. ಆಮೇಲೆ ಅವರು 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟವನ್ನು ನೆನೆದರು. 1990ರಲ್ಲಿ ಬೀಜಿಂಗ್‌ನಲ್ಲಿ ಕಬಡ್ಡಿ ಪದಕದ ಆಟವಾದಂದಿನಿಂದ ಪ್ರತಿ ಸಲವೂ ಚಿನ್ನ ತಂದಿದ್ದ ನಮ್ಮ ಪುರುಷರ ತಂಡ ಅಂದು ಸೆಮಿಫೈನಲ್‌ನಲ್ಲಿ ಇರಾನಿಗೆ 18-27ರಿಂದ ಸೋತಿತು. ನಮ್ಮ ದಾಳಿಗಾರರಲ್ಲಿ ಹೆಸರುವಾಸಿಗಳಿದ್ದರು. ಇರಾನಿನವರಲ್ಲಿ ಕದಲದ ಸಾಲಿತ್ತು. ಅದೇ ಕೂಟದಲ್ಲಿ ಮಹಿಳೆಯರೂ ಫೈನಲ್‌ನಲ್ಲಿ ಇರಾನಿಗೇ ಮಣಿದರು. 2023ರಲ್ಲಿ ಹಾಂಗ್‌ಝೌನಲ್ಲಿ ಎರಡೂ ಚಿನ್ನಗಳು ಮರಳಿ ಬಂದವು.

ಕನ್ನಡ ನಾಡಿಗೆ ಈ ಆಟದಲ್ಲಿ ಸಣ್ಣ ಪಾಲಲ್ಲ. ಬಿ.ಸಿ. ರಮೇಶ್ ಅರ್ಜುನ ಪ್ರಶಸ್ತಿ ಪಡೆದ ಆಟಗಾರರು. ತರಬೇತುದಾರರಾಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೂ, 2024ರ ಮಾರ್ಚಿಯಲ್ಲಿ ಮುಗಿದ ಋತುವಿನಲ್ಲಿ ಪುಣೇರಿ ಪಲ್ಟನ್‌ಗೂ ಪ್ರೊ ಕಬಡ್ಡಿ ಪ್ರಶಸ್ತಿ ಗೆಲ್ಲಿಸಿದರು. ತೇಜಸ್ವಿನಿ ಬಾಯಿ ಮತ್ತು ಕರಾವಳಿಯ ಮಮತಾ ಪೂಜಾರಿ 2010 ಹಾಗೂ 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ನಮ್ಮ ಹೆಣ್ಣುಮಕ್ಕಳನ್ನು ಅಂಗಳ ದಾಟಗೊಡದ ಹಿರಿಯರು ಈ ಹೆಸರುಗಳನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಮಧ್ಯಾಹ್ನ ಹುಡುಗರೊಂದಿಗೆ ವ್ಯಾನಿನಲ್ಲಿ ಗುಂಡ್ಲುಪೇಟೆಗೆ ಹೊರಟೆವು. ಸುಮಾರು 35 ಕಿಲೋಮೀಟರ್ ಹಾದಿ. ಇಕ್ಕೆಲಗಳಲ್ಲಿ ಅರಿಸಿನ, ಬಾಳೆ, ಈರುಳ್ಳಿಯ ಹೊಲಗಳು. ತೆರಕಣಾಂಬಿಯ ತರಕಾರಿ ಮಾರುಕಟ್ಟೆಯ ಬಳಿ ಕೇರಳಕ್ಕೆ ಹೋಗುವ ಲಾರಿಗಳು ಟೊಮೆಟೊ, ಎಲೆಕೋಸು ತುಂಬಿಕೊಳ್ಳುತ್ತಿದ್ದವು. ಗುಂಡ್ಲುಪೇಟೆ ಸಮೀಪಿಸಿದಂತೆ ಹೊಲಗಳು ಹಳದಿ ಬಣ್ಣಕ್ಕೆ ತಿರುಗಿದವು. ಒಂದೆಡೆ ಚೆಂಡುಹೂ, ಇನ್ನೊಂದೆಡೆ ಸೂರ್ಯಕಾಂತಿ. ದೂರದಲ್ಲಿ 1454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಮೋಡದ ಮುಸುಕು ಹೊದ್ದು ನಿಂತಿತ್ತು. ಊಟಿಗೂ ಕೇರಳಕ್ಕೂ ಹೋಗುವ ಪ್ರವಾಸಿಗಳು ಕಾರು ನಿಲ್ಲಿಸಿ ಹೂವಿನ ನಡುವೆ ಚಿತ್ರ ತೆಗೆಸಿಕೊಳ್ಳುತ್ತಿದ್ದರು.

ದಾರಿಯಲ್ಲಿ ಮೇಷ್ಟ್ರು ಮೆಲುದನಿಯಲ್ಲಿ ನಮಗೊಂದು ಸಂಗತಿ ಹೇಳಿದರು. ಅವರ ತಂಡದ ಎಡ ಕಾರ್ನರ್ ಮತ್ತು ಎಡ ಇನ್ ಒಂದೇ ಹಳ್ಳಿಯ ಹುಡುಗರು, ಆದರೆ ಎರಡು ಕೇರಿಗಳವರು. ಮೊದಮೊದಲು ಇಬ್ಬರೂ ಒಬ್ಬರ ಕೈಯನ್ನೊಬ್ಬರು ಹಿಡಿಯದೆ ಬೆರಳ ತುದಿ ತಾಗಿಸಿ ನಿಲ್ಲುತ್ತಿದ್ದರು. ಊರಿನ ಹಿರಿಯರೊಬ್ಬರು ಬಂದು, ಜೋಡಿ ಬದಲಾಯಿಸಿದರೆ ಆಗದೇ ಎಂದು ಕೇಳಿದರಂತೆ. ಮೇಷ್ಟ್ರು, "ಬದಲಾಯಿಸುತ್ತೇನೆ ಯಜಮಾನರೇ. ಆದರೆ ಎದುರು ತಂಡದ ದಾಳಿಗಾರ ನಿಮ್ಮೂರಿನ ಕೇರಿಗಳನ್ನು ಕೇಳಿಕೊಂಡು ಬರುವುದಿಲ್ಲ. ಸಂದು ಎಲ್ಲಿದೆಯೋ ಅಲ್ಲೇ ನುಗ್ಗುತ್ತಾನೆ" ಎಂದರು. ಹಿರಿಯರು ಮಾತಾಡದೆ ಹೋದರು. ಜೋಡಿ ಬದಲಾಗಲಿಲ್ಲ.

ಇದನ್ನು ಕೇಳಿದ ನಾವು ಕಿಟಕಿಯ ಕಡೆ ಮುಖ ತಿರುಗಿಸಿದೆವು. ಏಕೆಂದರೆ ಅರುವತ್ತು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ನಮ್ಮ ಕಣ್ಣಮುಂದೆ ಬಂದಿತು. ನಾವು ಹೈಸ್ಕೂಲಿನಲ್ಲಿದ್ದಾಗ ಕಬಡ್ಡಿ ತಂಡದಲ್ಲಿ ಬಲ ಇನ್ ಆಗಿದ್ದೆವು. ನಮ್ಮ ಪಕ್ಕದ ಕಾರ್ನರ್ ಆಚೆ ಕೇರಿಯ ಹುಡುಗ. ಕಾಲು ಹಿಡಿಯುವುದರಲ್ಲಿ ಅವನಷ್ಟು ಚುರುಕು ಇಡೀ ಶಾಲೆಯಲ್ಲಿ ಇನ್ನೊಬ್ಬನಿರಲಿಲ್ಲ. ಶರಣರ ಮಾತುಗಳನ್ನು ದಿನವೂ ಕೇಳುತ್ತಿದ್ದ ಮನೆಯಲ್ಲಿ ಬೆಳೆದ ನಾವು ಅವನ ಕೈ ಹಿಡಿಯಲಿಲ್ಲ. ಹಿಡಿಯಬೇಡವೆಂದು ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನಮ್ಮಿಬ್ಬರ ನಡುವೆ ಒಂದು ಮೊಳದ ಸಂದು ಯಾವಾಗಲೂ ಇರುತ್ತಿತ್ತು. ಆ ದಿನ ನೆರೆಯೂರಿನ ದಾಳಿಗಾರ ಅದನ್ನು ಕಂಡುಕೊಂಡ. ಅವನು ಒಳನುಗ್ಗಿದಾಗ ಆ ಹುಡುಗ ಒಂಟಿಯಾಗಿಯೇ ಹಾರಿ ಕಾಲು ಹಿಡಿದ. ನಾವು ಮೇಲೆ ಬಿದ್ದು ಸೊಂಟ ಹಿಡಿಯಬೇಕಾಗಿತ್ತು, ಅರೆಗಳಿಗೆ ಹಿಂಜರಿದೆವು. ದಾಳಿಗಾರನ ಭಾರವೆಲ್ಲ ಅವನೊಬ್ಬನ ಮೇಲೆ ಬಿತ್ತು. ಅವನ ಕೊರಳೆಲುಬು ಮುರಿಯಿತು. ಅವನು ಮತ್ತೆ ಆಟಕ್ಕೆ ಬರಲಿಲ್ಲ. ಮರುವರ್ಷ ಶಾಲೆಗೂ ಬರಲಿಲ್ಲ. ಆಟದಲ್ಲಿ ಪೆಟ್ಟಾಗುವುದು ಸಹಜ ಎಂದು ಎಲ್ಲರೂ ಅಂದರು. ನಾವೂ ಅಂದೆವು.

ಗುಂಡ್ಲುಪೇಟೆಯಲ್ಲಿ ಪಂದ್ಯ ಶುರುವಾಗುವಾಗ ಮಳೆ ಬಿಟ್ಟಿತ್ತು. ಮಣ್ಣು ಹದವಾಗಿ ನೆನೆದು, ಬಿದ್ದರೆ ನೋಯದಂತಿತ್ತು. ಸುತ್ತಲೂ ಇನ್ನೂರು ಮುನ್ನೂರು ಜನ ಸೇರಿದರು. ಎದುರು ತಂಡದಲ್ಲಿ ನೀಳಕಾಲಿನ ಒಬ್ಬ ದಾಳಿಗಾರನಿದ್ದ; ಕಾಲ ತುದಿಯಿಂದ ಮುಟ್ಟಿ ಹಿಂದಿರುಗುವುದರಲ್ಲಿ ನಿಪುಣ. ಮೊದಲ ಅವಧಿಯಲ್ಲಿ ಅವನೊಬ್ಬನೇ ನಮ್ಮ ಹುಡುಗರನ್ನು ಒಬ್ಬೊಬ್ಬರಾಗಿ ಹೊರಗೆ ಕಳಿಸಿದ. ಎಲ್ಲರೂ ಔಟಾದಾಗ ಎದುರು ತಂಡಕ್ಕೆ ಲೋನಾದ ಎರಡು ಅಂಕಗಳೂ ಸೇರಿದವು. ಮೇಷ್ಟ್ರು ಕೂಗಲಿಲ್ಲ. ವಿರಾಮದಲ್ಲಿ ನೀರು ಕೊಟ್ಟು, "ಅವನ ಕಾಲು ನೋಡಬೇಡಿ. ಪಕ್ಕದವನ ಕೈ ಬುಡಬೇಡಿ" ಎಂದಷ್ಟೇ ಹೇಳಿದರು.

ಎರಡನೆಯ ಅವಧಿಯ ಕೊನೆಗೆ ನಮ್ಮ ಕಡೆ ಅಂಕಣದಲ್ಲಿ ಉಳಿದವರು ಇಬ್ಬರೇ: ಎಡ ಕಾರ್ನರ್, ಎಡ ಇನ್. ಮೂವರು ಅಥವಾ ಅದಕ್ಕೂ ಕಡಿಮೆ ಜನ ದಾಳಿಗಾರನನ್ನು ಹಿಡಿದರೆ ಒಂದು ಅಂಕ ಹೆಚ್ಚು ಸಿಗುತ್ತದೆ. ಸೂಪರ್ ಟ್ಯಾಕಲ್ ಎಂದು ಅದಕ್ಕೆ ಹೆಸರು. ನೀಳಕಾಲಿನ ಹುಡುಗ ಬಂದ. ಇಬ್ಬರೂ ಕೈ ಹಿಡಿದು ಮೂಲೆಯಿಂದ ನಡುವಿಗೆ, ನಡುವಿನಿಂದ ಮೂಲೆಗೆ ಸರಿದರು. ಹತ್ತು ಸೆಕೆಂಡು ಕಳೆಯಿತು, ಇಪ್ಪತ್ತು ಕಳೆಯಿತು. ಜನ ಕೂಗುತ್ತಿದ್ದರೂ ಇಬ್ಬರೂ ಹಾರಲಿಲ್ಲ. ದಾಳಿಗಾರ ಕಾಲು ಚಾಚಿ ಮುಟ್ಟಲು ನೋಡಿ, ಎಟುಕದೆ ಹಿಂದಿರುಗಲು ತಿರುಗಿದ. ಕಾರ್ನರ್ ಕೆಳಗೆ ಹೋದ, ಹಿಮ್ಮಡಿ ಸಿಕ್ಕಿತು. ಅವನು ಹೋದ ಕ್ಷಣವೇ ಇನ್ ಸೊಂಟಕ್ಕೆ ಕೈ ಹಾಕಿದ. ಮೂವರೂ ಮಧ್ಯರೇಖೆಯತ್ತ ಎಳೆದಾಡುತ್ತಾ ಬಿದ್ದರು. ಗೆರೆಗೆ ಒಂದು ಗೇಣು ಉಳಿದಿರುವಾಗ ದಾಳಿಗಾರನ ಉಲಿ ನಿಂತಿತು.

ಪಂದ್ಯವೇನೋ ನಾಲ್ಕು ಅಂಕಗಳಿಂದ ಕೈತಪ್ಪಿತು. ಮೇಷ್ಟ್ರು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. "ಕೊನೆಯ ಹತ್ತು ನಿಮಿಷ ಒಬ್ಬನೂ ಒಂಟಿಯಾಗಿ ಹಾರಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ" ಎಂದು ಎರಡು ಮಾತಿನಲ್ಲಿ ಮುಗಿಸಿದರು.

ಹೋಟೆಲಿನಲ್ಲಿ ಮಕ್ಕಳಿಗೆ ದೋಸೆ ಕೊಡಿಸಿ ಹೊರಡುವಾಗ ಒಂಬತ್ತು ಗಂಟೆ ಸಮೀಪಿಸಿತ್ತು. 2009ರಿಂದ ಬಂಡೀಪುರ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ವನ್ಯಜೀವಿಗಳ ನೆಮ್ಮದಿಗಾಗಿ ಮಾಡಿದ ಏರ್ಪಾಡು. ತಡವಾದ ಲಾರಿಗಳು ರಸ್ತೆಯ ಬದಿಯಲ್ಲಿ ನಿಂತು ಬೆಳಗನ್ನು ಕಾಯುತ್ತಿದ್ದವು. ನಮ್ಮ ದಾರಿ ತೆರಕಣಾಂಬಿಯ ಕಡೆ, ತಡೆ ಇರಲಿಲ್ಲ. ವ್ಯಾನಿನಲ್ಲಿ ಹುಡುಗರೆಲ್ಲ ಒಬ್ಬರ ಮೇಲೊಬ್ಬರು ಒರಗಿ ನಿದ್ದೆಹೋದರು. ಕಾರ್ನರಿನ ತಲೆ ಇನ್ನಿನ ಭುಜದ ಮೇಲಿತ್ತು.

ನಾವು ನಮ್ಮ ಹಳೆಯ ಕಥೆಯನ್ನು ಆಗ ಹುಡುಗನಿಗೆ ಹೇಳಿದೆವು. ಯಾರಿಗೂ ಹೇಳಿರಲಿಲ್ಲ. ಅವನು ಕೇಳಿ, "ಕೈ ಯಾಕೆ ಹಿಡಿಯಲಿಲ್ಲ, ತಾತಾ?" ಎಂದ. ಅವನು ಆಕ್ಷೇಪಿಸುತ್ತಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದ. ಕಾರಣ ನಮಗೆ ಗೊತ್ತಿತ್ತು. ಹೇಳಿದೆವು. ಹೇಳುವಾಗ ಅದು ಎಷ್ಟು ಸಣ್ಣದೆಂದು ತೋರಿತು. "ಅವರು ಈಗ ಎಲ್ಲಿದ್ದಾರೆ?" ಎಂದ. ಅದು ಮಾತ್ರ ನಮಗೆ ಗೊತ್ತಿರಲಿಲ್ಲ.

ತಂದೆತಾಯಂದಿರಲ್ಲಿ ನಮ್ಮದೊಂದು ವಿನಂತಿ. ಮಕ್ಕಳನ್ನು ಆಟಕ್ಕೆ ಕಳಿಸಿ. ಗೆದ್ದರೇ, ಅಂಕವೆಷ್ಟು ಎಂದು ಕೇಳುವುದಕ್ಕೆ ಮುಂಚೆ, ನಿನ್ನ ಪಕ್ಕದಲ್ಲಿ ಯಾರು ನಿಂತಿದ್ದರು, ಅವರ ಕೈ ಹಿಡಿದಿದ್ದೆಯಾ ಎಂದು ಕೇಳಿ. ಆಟ ಕಲಿಸುವವರು ತಲೆ ಕುತ್ತಿಗೆಗಳ ಬಗೆಗೆ ಎಚ್ಚರ ಹೇಳುತ್ತಾರೆಯೇ ಎಂದು ವಿಚಾರಿಸಿ. ಪಕ್ಕದ ಹುಡುಗ ಯಾವ ಕೇರಿಯವನೆಂದು ಮಾತ್ರ ವಿಚಾರಿಸಬೇಡಿ.

ಮರುದಿನ ನಾವು ನಮ್ಮ ಹಳೆಯ ಊರಿಗೆ ಹೋದೆವು. ಆಚೆ ಕೇರಿಯಲ್ಲಿ ವಿಚಾರಿಸಿದಾಗ, ಅವರ ಕುಟುಂಬ ಬಹಳ ಹಿಂದೆಯೇ ಊರು ಬಿಟ್ಟಿತೆಂದು ಒಬ್ಬ ಮುದುಕಿ ಹೇಳಿದಳು. ಹೆಸರು ಹೇಳಿದ ಕೂಡಲೇ ಆಕೆಗೆ ನೆನಪಾಯಿತು. "ಕಬಡ್ಡಿ ಆಡ್ತಿದ್ದ, ಭುಜ ಸೊಟ್ಟಗಿದ್ದ ಹುಡುಗ ಅಲ್ವಾ?" ಎಂದಳು. ಹೌದು ಎಂದೆವು.